ರೀಲ್ಸ್ ತಮ್ಮ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಊರಿನ ಬಜಾರಿಗೆ ಹೋದರೂ ಈತ ಸಿಗುತ್ತಾನೆ. ಅಂಗಿಗೆ ಕಾಲರ್ ಮೈಕು, ಕೈಯಲ್ಲಿ ಗಿಂಬಲ್, ಹೆಗಲಲ್ಲಿ ರಿಂಗ್ ಲೈಟಿನ ಚೀಲ. ಮನೆಯವರಿಟ್ಟ ಹೆಸರು ಯಾವುದೋ, ಊರಿಗೆ ಮಾತ್ರ ರೀಲ್ಸ್ ತಮ್ಮ. ಬೈಕಿನ ಹಿಂದೆ 'ಡಿಜಿಟಲ್ ಬ್ರ್ಯಾಂಡಿಂಗ್' ಎಂಬ ಸ್ಟಿಕ್ಕರ್ ಇದೆ. ಪೆಟ್ರೋಲು ಇನ್ನೂ ಅಪ್ಪನದು.

2020ರ ಜೂನ್‌ನಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿದ ರಾತ್ರಿ ಈತ ಊಟ ಬಿಟ್ಟಿದ್ದ. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಬಿಟ್ಟಿದ್ದನ್ನೂ ಸೇರಿಸಿ ಉಂಡ. ಅಲ್ಲಿಯವರೆಗೆ ಸುಮ್ಮನೆ ಕುಣಿಯುತ್ತಿದ್ದವನು ಪ್ರಮೋಷನ್‌ಗೆ ಇಳಿದದ್ದು ಆಮೇಲೆ.

ಆತನ ವಿದ್ಯೆ ಒಂದೇ. ಮಿರ್ಚಿ ಕಚ್ಚಿ, ಕಣ್ಣು ಮುಚ್ಚಿ, ನಿಧಾನವಾಗಿ ತಲೆ ಅಲ್ಲಾಡಿಸುವುದು. ಕೂಡ್ಲಿಗಿ ಹೆದ್ದಾರಿಯ ಟೈರಂಗಡಿಯಲ್ಲೂ ಟೈರು ಸವರಿ ಹಾಗೇ ಕಣ್ಣು ಮುಚ್ಚಿದ. ಮನೆಯಲ್ಲಿ "ಯವ್ವಾ, ರೊಟ್ಟಿ ನೀಡು" ಎನ್ನುವವನು ಕ್ಯಾಮೆರಾ ಕಂಡೊಡನೆ "ಹಾಯ್ ಗಾಯ್ಸ್" ಎಂದು ಬೆಂಗಳೂರಿಗೆ ಹೊರಟುಬಿಡುತ್ತಾನೆ.

ಕೊಟ್ಟೂರಿನ ಒಗ್ಗರಣಿ-ಮಿರ್ಚಿಗೆ ಪ್ರಚಾರ ಬೇಕೆಂದು ಯಾರೂ ಕೇಳಿರಲಿಲ್ಲ. ತಮ್ಮ ತಾನಾಗಿಯೇ ಬಾಣಲೆಯ ಮುಂದೆ ಹಾಜರಾದ.

"ಅಕ್ಕಾ, ಇನ್ನೊಮ್ಮೆ ಎಣ್ಣಿಗೆ ಬಿಡು. ಆ್ಯಂಗಲ್ ಸರಿ ಬರಲಿಲ್ಲ."

"ಬೆಂದಿದ್ದನ್ನ ಮತ್ತ ಬಿಟ್ರ ಇದ್ದಲಿ ಆಗ್ತತಲೋ."

"ಸ್ಲೋ ಮೋಷನ್‌ನಾಗ ಚಲೋ ಕಾಣ್ತತಿ."

ಮೂರನೇ ದಿನ ಓಡಿಬಂದ. "ಅಕ್ಕಾ, ಲಕ್ಷ ಮಂದಿ ನೋಡ್ಯಾರ!"

"ಅದಿರಲಿ. ನಾಳಿಗೆ ಕಡ್ಲಿಹಿಟ್ಟು ಎಷ್ಟು ಕಲಸ್ಲಿ, ಅದನ್ನ ಹೇಳು."

ಅಷ್ಟು ಮಂದಿಯಲ್ಲಿ ಅರ್ಧ ಬೆಂಗಳೂರಿನವರು, ಉಳಿದವರಲ್ಲಿ ದುಬೈಯವರೂ ಇದ್ದರಂತೆ. ಅಕ್ಕ ಎಂದಿನಷ್ಟೇ ಕಲಸಿದಳು. ಆದರೂ ಒಂದು ಮಾತು ಒಪ್ಪಬೇಕು: ಕೊಟ್ಟೂರೇಶ್ವರನ ತೇರಿಗೆ ಬಂದ ಪರವೂರ ಹುಡುಗರು ಫೋನು ಹಿಡಿದು ಆಕೆಯ ಅಂಗಡಿಯನ್ನೇ ಹುಡುಕಿಕೊಂಡು ಬಂದರು. ಬಂದವರು ಮಿರ್ಚಿಗಿಂತ ಮೊದಲು ತಮ್ಮನ ಜೊತೆ ಸೆಲ್ಫಿ ಕೇಳಿದರು. ಯಾರ ಬ್ರ್ಯಾಂಡು ಬೆಳೆಯಿತು ಎಂಬುದು ಆಕೆಗೆ ಅಲ್ಲೇ ತಿಳಿಯಿತು; ಆತನಿಗೆ ಮೊದಲೇ ತಿಳಿದಿತ್ತು.

ಹರಪನಹಳ್ಳಿಯ ಬಟ್ಟೆ ಅಂಗಡಿಯ ಯಜಮಾನರು ಗಟ್ಟಿ ಕುಳ. "ಅಡ್ರೆಸ್ ಹಾಕ್ತೀನಿ ಮಾವಾ, ಜಿಲ್ಲೆ ಯಾವುದು?" ಎಂದಾಗ ನಿಟ್ಟುಸಿರು ಬಿಟ್ಟರು. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಪ್ರತಿಸಲವೂ ಬೋರ್ಡು ಬರೆಸಿ ಅವರಿಗೆ ಸಾಕಾಗಿದೆ. "ಜಿಲ್ಲೆ ಬ್ಯಾಡ. ಇನ್ನ ಬ್ರ್ಯಾಂಡು ಅಂದ್ಯಲ್ಲ, ಐತಿ ನೋಡು" ಎಂದು ಉದ್ರಿ ಪುಸ್ತಕ ತೆಗೆದು ಮುಂದಿಟ್ಟರು. ಅದರಲ್ಲಿ ತಮ್ಮನ ಅಪ್ಪನ ಹೆಸರೂ ಇತ್ತು. ರೀಲು ಪುಕ್ಕಟೆಯಾಗಿ ಮುಗಿಯಿತು.

ಹಡಗಲಿಯಲ್ಲಿ ಹೂವಿನ ಅಜ್ಜಿಗೆ ಈತ ಹೇಳಿಕೊಡುವುದೇನೂ ಇರಲಿಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಮಾನ್ಯತೆಯೇ ಸಿಕ್ಕಿದೆ, ಹಿನ್ನೆಲೆ ಸಂಗೀತವಿಲ್ಲದೆ.

ತಮ್ಮ ನಿಜಕ್ಕೂ ಬೆರಗಾದದ್ದು ಅದೇ ತಾಲೂಕಿನ ಮೈಲಾರದಲ್ಲಿ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಜನಸಾಗರ ಗಪ್‌ಚುಪ್. ಒಂದೇ ಸಾಲಿನ ಕಾರ್ಣಿಕ. ಮಳೆ-ಬೆಳೆಯಿಂದ ಮುಖ್ಯಮಂತ್ರಿ ಕುರ್ಚಿಯವರೆಗೆ ಅದಕ್ಕೆ ಅರ್ಥ ಹಚ್ಚುತ್ತ ಇಡೀ ರಾಜ್ಯ ಕೂರುತ್ತದೆ. "ಕ್ಯಾಪ್ಷನ್ನೂ ಇಲ್ಲ, ಹ್ಯಾಷ್‌ಟ್ಯಾಗೂ ಇಲ್ಲ!" ಎಂದು ತಮ್ಮ ತಲೆ ಹಿಡಿದುಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ.

ಮರುವಾರ ಹಗರಿಬೊಮ್ಮನಹಳ್ಳಿಯ ಸಿಮೆಂಟ್ ಅಂಗಡಿಯಲ್ಲಿ ಚೀಲಗಳ ಮೇಲೆ ಹತ್ತಿ, ಅರ್ಧ ನಿಮಿಷ ಸುಮ್ಮನಿದ್ದು, "ಗಟ್ಟಿ ಇದ್ದದ್ದು ನಿಂತೀತು" ಎಂದು ಜಿಗಿದ. ನೋಡಿದವರಲ್ಲಿ ಕೆಲವರು ಸಿಮೆಂಟ್ ದರ ಇಳಿಯುವುದಿಲ್ಲ ಎಂದರು, ಕೆಲವರು ಸರ್ಕಾರ ಬೀಳುವುದಿಲ್ಲ ಎಂದರು.

"ನನ್ನ ಅಂಗಡಿ ಹೆಸರ ಹೇಳಲಿಲ್ಲಲ್ಲೋ?" ಎಂದರು ಯಜಮಾನರು.

"ಸಸ್ಪೆನ್ಸ್ ಅಣ್ಣಾ. ಮಂದಿ ತಾವ ತಿಳ್ಕಂತಾರ. ನನ್ನ ರೊಕ್ಕ ಯಾವಾಗ ಕೊಡ್ತೀರಿ?"

"ಅದೂ ಸಸ್ಪೆನ್ಸ್."