ವಿದುರಪಾಕ: ಮನೆಯ ಗೋಬಿ ಮಂಚೂರಿಯ ಗ್ರಂಥಸಂಪಾದನೆ

ಹೊರಗಿನ ಔತಣವನ್ನು ಬದಿಗಿಟ್ಟು, ಮನೆಯಲ್ಲಿ ಇದ್ದುದರಲ್ಲೇ ಸುಧಾರಿಸುವ ಪಾಕಪಂಥಕ್ಕೆ ವಿದುರನೇ ಆದ್ಯಾಚಾರ್ಯನೆಂದು ಸ್ಥಾಪಿಸುವುದು ಈ ಪ್ರಬಂಧದ ಘನ ಉದ್ದೇಶ. ಆಧಾರ ಉದ್ಯೋಗಪರ್ವದಲ್ಲೇ ಇದೆ. ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣ, ದುರ್ಯೋಧನನ ಭೂರಿಭೋಜನ ಬೇಡವೆಂದು ವಿದುರನ ಮನೆಯಲ್ಲಿ ಉಂಡ. ಅಲ್ಲಿ ಸಿಕ್ಕಿದ್ದು ಒಂದು ಕುಡಿತೆ ಹಾಲು ಎಂದು ನಮ್ಮ ದಾಸಪರಂಪರೆ ಹೇಳಿದರೆ, ಬಾಳೆಹಣ್ಣಿನ ಸಿಪ್ಪೆ ಎಂಬ ಪಾಠವೂ ಪ್ರಚಲಿತವಿದೆ. ಯಾವುದನ್ನು ಒಪ್ಪಿದರೂ ಖರ್ಚು ಕಡಿಮೆ ಎಂಬಲ್ಲಿ ಪಾಠಭೇದವಿಲ್ಲ.

ಆ ವಿದುರನೇ ಅಶ್ವತ್ಥವೊಂದನ್ನು ನೆಟ್ಟನೆಂಬ ಸ್ಥಳಪುರಾಣ ಇರುವುದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ. ಹಳೆಯ ಮರ 2001ರಲ್ಲಿ ಉರುಳಿತು. ಸಾವಿರಾರು ನಾಗರಕಲ್ಲುಗಳು ಉಳಿದಿವೆ. 1938ರ ಏಪ್ರಿಲ್ 25ರಂದು ಇಲ್ಲಿ ಕಾಂಗ್ರೆಸ್ ಬಾವುಟ ಹಿಡಿದು ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಮಾತಿಗೆ ಅಣಕು ಸಲ್ಲದು, ಕೈಮುಗಿದು ಮುಂದೆ ಹೋಗೋಣ.

ಮುಂದೆ ಹೋದರೆ ಸಿಗುವುದೇ ನಮ್ಮ ಸಂಶೋಧನಾ ಕ್ಷೇತ್ರ: ಗೋಬಿ ಗಾಡಿ. ಮನೆಮಾತು ತೆಲುಗು, ಬೋರ್ಡು ಕನ್ನಡ, ತಿಂಡಿ ಚೀನಾದ್ದು ಎಂಬ ತ್ರಿವೇಣಿ ಸಂಗಮ ಈ ಗಡಿಸೀಮೆಯಲ್ಲಿ ಯಾರಿಗೂ ಅಚ್ಚರಿಯಲ್ಲ. ತಿಂಡಿ ಚೀನಾದ್ದು ಎಂಬುದು ಮಾತ್ರ ತಪ್ಪು. ಇದರ ಮೂಲಪಾಠ ಮುಂಬಯಿಯದು. ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ತಾವೇ ಹೇಳಿಕೊಂಡ ಪ್ರಕಾರ, 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹೆಚ್ಚಿಕೊಂಡು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿ ಕೋಳಿಯ ತುಂಡುಗಳನ್ನು ಬಾಡಿಸಿದರು. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಲಿಪಿಕಾರರ ಕೈವಾಡ. ಗ್ರಂಥಸಂಪಾದನೆಯಲ್ಲಿ ಇಂಥದ್ದನ್ನು ಸ್ಖಾಲಿತ್ಯ ಎನ್ನುತ್ತಾರೆ. ಶುಕ್ರವಾರ, ಶನಿವಾರ ಮಾಂಸ ಮುಟ್ಟದ ಮನೆಗಳಲ್ಲಿ ಪರಿಷ್ಕರಣ ಎನ್ನುತ್ತಾರೆ.

ಕೆಂಪು ಬಣ್ಣ ಮೂಲದಲ್ಲಿಲ್ಲದ ಪ್ರಕ್ಷೇಪ. ಅದನ್ನು ಕಿತ್ತುಹಾಕಿದ ಕೀರ್ತಿ ಯಾವ ವಿಶ್ವವಿದ್ಯಾಲಯಕ್ಕೂ ಸಲ್ಲದೆ ಕರ್ನಾಟಕ ಸರ್ಕಾರಕ್ಕೆ ಸಂದಿದೆ: 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸಕೂಡದೆಂದು ಆದೇಶವಾಯಿತು. ಒಂದು ಖಾದ್ಯದ ಶುದ್ಧಪಾಠವನ್ನು ಸರ್ಕಾರಿ ಆದೇಶದ ಮೂಲಕ ನಿಗದಿ ಮಾಡಿದ ಈ ಪ್ರಸಂಗವನ್ನು ಪಂಪಭಾರತದ ಸಂಪಾದಕರು ಕಂಡಿದ್ದರೆ ಕರುಬುತ್ತಿದ್ದರು.

ಇನ್ನು ಮನೆಯ ಪಾಠ. ಗೌರಿಬಿದನೂರು ಸೀಮೆಯ ಹೊಲಗಳಲ್ಲಿ ಎತ್ತ ನೋಡಿದರೂ ಮುಸುಕಿನ ಜೋಳ. ಅದೇ ಸೀಮೆಯ ಗೃಹಿಣಿ ಅದೇ ಜೋಳದ ಪಿಷ್ಟವನ್ನು ಕಾರ್ನ್‌ಫ್ಲೋರ್ ಎಂಬ ಹೆಸರಿನಲ್ಲಿ, ಬಣ್ಣದ ಡಬ್ಬಿಯಲ್ಲಿ ದುಡ್ಡು ಕೊಟ್ಟು ತರುತ್ತಾಳೆ. ವಿದುರಪಂಥ ಇದನ್ನು ಒಪ್ಪುವುದಿಲ್ಲ. ಮೈದಾ ಒಂದನ್ನೇ ಕಲಸಿದರೆ ಅದರ ಅಂಟು ಬಿಗಿದು ಬೋಂಡದ ಹೊದಿಕೆ ಚರ್ಮವಾಗುತ್ತದೆ. ಅಂಟಿಲ್ಲದ ಪಿಷ್ಟ ಬೆರೆತರೆ ಗರಿಗರಿ. ಆ ಕೆಲಸಕ್ಕೆ ಮನೆಯ ಡಬ್ಬಿಯಲ್ಲಿರುವ ಅಕ್ಕಿಹಿಟ್ಟು ಧಾರಾಳವಾಗಿ ಸಾಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ: ಕೆಂಪು ಹೆಚ್ಚು, ಖಾರ ಕಡಿಮೆ, ಸರ್ಕಾರದ ಆಕ್ಷೇಪಣೆ ಶೂನ್ಯ.

ಗಾಡಿಯವನು ಚಿಟಿಕೆ ಹಾಕುವ ಅಜಿನೊಮೊಟೊ, ಅಂದರೆ ಗ್ಲುಟಮೇಟಿನ ಉಪ್ಪಿನ ವಿಷಯ ಸ್ವಲ್ಪ ಗಹನ. 1908ರಲ್ಲಿ ಟೋಕಿಯೊದ ಕಿಕುನೆ ಇಕೆಡ ಎಂಬ ರಸಾಯನಶಾಸ್ತ್ರಜ್ಞ ಕೊಂಬು ಎಂಬ ಕಡಲಕಳೆಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ನಾಲಿಗೆ ಚಪ್ಪರಿಸುವ ಗುಣ ಅದರದ್ದೇ ಎಂದು ತೋರಿಸಿದ. ಅದೇ ಗ್ಲುಟಮೇಟು ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲಿ ಸಹಜವಾಗಿ ತುಂಬಿರುತ್ತದೆ. ಚಿಂತಾಮಣಿ ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ಕ್ರೇಟುಗಟ್ಟಲೆ ರಸ್ತೆಗೆ ಸುರಿಯುವ ಟೊಮೆಟೊವನ್ನು ನಾಲ್ಕು ಮನೆಯವರು ಬಾಣಲೆಗೆ ಸುರಿದು ಗಟ್ಟಿಯಾಗುವವರೆಗೆ ಕುದಿಸಿದರೆ ಟೋಕಿಯೊವರೆಗೆ ಹೋಗುವ ಅಗತ್ಯವಿಲ್ಲ.

ಕರಿಯುವುದರಲ್ಲಿ ಮಾತ್ರ ಗಾಡಿಯವನದೇ ಮೇಲುಗೈ. ಅವನ ಒಲೆ ಭೋರ್ಗರೆಯುತ್ತದೆ, ನಮ್ಮದು ಪಿಸುಗುಟ್ಟುತ್ತದೆ. ಒಂದೇ ಸಲಕ್ಕೆ ಇಡೀ ಹೂಕೋಸು ಸುರಿದರೆ ಎಣ್ಣೆಯ ಶಾಖ ಇಳಿದು, ಗೋಬಿ ಎಣ್ಣೆ ಕುಡಿದು ಮಲಗುತ್ತದೆ. ಸ್ವಲ್ಪಸ್ವಲ್ಪವೇ ಹಾಕಿ, ಒಮ್ಮೆ ಬೇಯಲು, ಆರಿದ ಮೇಲೆ ಇನ್ನೊಮ್ಮೆ ಗರಿಯಾಗಲು, ಎರಡಾವರ್ತಿ ಕರಿಯತಕ್ಕದ್ದು.

ಇಷ್ಟೆಲ್ಲ ಆದ ಮೇಲೆ ಪೂರ್ವಪಕ್ಷ ಏಳುತ್ತದೆ. ಏಳುವುದು ಮನೆಯ ಮಕ್ಕಳ ಬಾಯಿಂದ: "ಚೆನ್ನಾಗೈತೆ ಕಣಮ್ಮ, ಆದ್ರೆ ಗಾಡೀದ್ ಥರ ಇಲ್ಲ." ಈ ವಾಕ್ಯ ಇಡೀ ಜಿಲ್ಲೆಯಲ್ಲಿ ಅಕ್ಷರವೂ ವ್ಯತ್ಯಾಸವಾಗದೆ ದೊರೆಯುವುದರಿಂದ ಇದೊಂದೇ ನಮಗೆ ಸಿಕ್ಕ ಶುದ್ಧಪಾಠ. ಸಮಾಧಾನ ಹೀಗೆ: ಗಾಡಿಯ ರುಚಿಯಲ್ಲಿ ಗೋಬಿಯ ಪಾಲು ಅಲ್ಪ. ನಿಂತು ತಿನ್ನುವುದು, ಕಡ್ಡಿಯಲ್ಲಿ ಚುಚ್ಚುವುದು, ಮೇಲೊಂದಿಷ್ಟು ಹಸಿ ಈರುಳ್ಳಿ ಕೇಳಿ ಹಾಕಿಸಿಕೊಳ್ಳುವುದು, ಎಲ್ಲಕ್ಕಿಂತ ಮಿಗಿಲಾಗಿ ಅರ್ಧ ಪ್ಲೇಟು. ಅರ್ಧ ಪ್ಲೇಟು ಯಾವತ್ತೂ ಸಾಲುವುದಿಲ್ಲ. ಸಾಲದಿರುವುದೇ ಅದರ ಮಸಾಲೆ. ಮನೆಯಲ್ಲಿ ಪಾತ್ರೆ ತುಂಬ ಮಾಡಿ, "ಇನ್ನೊಂದು ಸ್ವಲ್ಪ ಹಾಕ್ಕೋ, ನಾಳೆಗೆ ಕೆಡುತ್ತೆ" ಎಂದು ಬೆನ್ನು ಬಿದ್ದರೆ ಅಮೃತವೂ ಉಪ್ಪಿಟ್ಟಾಗುತ್ತದೆ. ಆದ್ದರಿಂದ ಕಡಿಮೆ ಮಾಡಿ, ಜಗಲಿಯ ಮೇಲೆ ನಿಲ್ಲಿಸಿ, ಎರಡನೆಯ ಸಲ ಕೇಳಿದರೆ ಖಾಲಿಯಾಯಿತು ಎನ್ನತಕ್ಕದ್ದು. ತಾಯಂದಿರಿಗೆ ಇದು ಬಾಯಿಗೆ ಬರುವ ಮಾತಲ್ಲವಾದ್ದರಿಂದ ಈ ವಿಧಿ ಇನ್ನೂ ಆಚರಣೆಗೆ ಬಂದಿಲ್ಲ.

ಬದಲಿ ಎಂದರೆ ಕೀಳು ಎನ್ನುವವರಿಗೆ ರವೆ ಇಡ್ಲಿಯ ದೃಷ್ಟಾಂತ ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂ.ಟಿ.ಆರ್. ರವೆಯಲ್ಲಿ ಮಾಡಿ ನೋಡಿದ್ದು ಎಂದು ಆ ಹೋಟೆಲಿನವರೇ ಹೇಳುತ್ತಾರೆ. ಅಕ್ಕಿ ಮರಳಿ ಬಂದಿತು. ಬದಲಿ ಜಾಗ ಬಿಡಲಿಲ್ಲ. ಇವತ್ತು ಯಾರಾದರೂ ಅದನ್ನು "ಇಡ್ಲಿ ಥರ ಇಲ್ಲ" ಎಂದು ವಾಪಸು ಕಳಿಸಿದ್ದುಂಟೆ?

ಕೊನೆಯದಾಗಿ ಖರ್ಚಿನ ವಿಚಾರ. ಇಲ್ಲಿ ವಿದುರಪಂಥದ ಬುಡವೇ ಅಲುಗಾಡುತ್ತದೆ. ಹೂಕೋಸು, ಹಿಟ್ಟು, ಟೊಮೆಟೊ ಅಗ್ಗ. ಆದರೆ ಸೋಯಾ ಸಾಸನ್ನು ಮನೆಯಲ್ಲಿ ಮಾಡಲಾಗದು, ಎರಡು ಚಮಚದಷ್ಟು ಯಾರೂ ಮಾರುವುದಿಲ್ಲ. ಸೀಸೆ ತರಲೇಬೇಕು. ಅದರ ಬೆಲೆಯನ್ನು ಒಂದೇ ಸಂಜೆಯ ಲೆಕ್ಕಕ್ಕೆ ಬರೆದರೆ ಗಾಡಿಯೇ ಅಗ್ಗ. ವರ್ಷಪೂರ್ತಿ ಹಂಚಿ ಬರೆದರೆ ಮನೆಯೇ ಅಗ್ಗ, ಆದರೆ ಆಗ ತಿಂಗಳಿಗೊಮ್ಮೆಯಾದರೂ ಗೋಬಿ ಮಾಡಬೇಕು. ಮುಕ್ಕಾಲು ತುಂಬಿ ಫ್ರಿಡ್ಜಿನ ಬಾಗಿಲಲ್ಲಿ ನಿಂತ ಈ ಸೀಸೆಯ ವಿಲೇವಾರಿಯ ಬಗ್ಗೆ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಉಪ್ಪುಸಾರಿನ ಖಾರಕ್ಕೆ ಎರಡು ಹನಿ ಬಿಡಬಹುದು ಎಂದ ಪಕ್ಷವನ್ನು ಅಜ್ಜಿಯರು ಅಡುಗೆಮನೆಯಿಂದ ಆಚೆಗೆ ಅಟ್ಟಿದ್ದಾರೆ. ಇನ್ನೊಂದು ಪಕ್ಷ ಅದನ್ನು ಬೆಳಗಿನ ಚಿತ್ರಾನ್ನಕ್ಕೆ ಸುರಿದು ಫ್ರೈಡ್ ರೈಸ್ ಎಂದು ಡಬ್ಬಿಗೆ ಕಟ್ಟಿ ಶಾಲೆಗೆ ಕಳಿಸಿತು. ಆ ಗ್ರಂಥದ ಸಂಪಾದನೆ ಪ್ರತ್ಯೇಕವಾಗಿ ಆಗಬೇಕಾಗಿದೆ. ಸದ್ಯ ಡಬ್ಬಿ ಖಾಲಿಯಾಗಿ ಬಂದಿದೆ, ತಿಂದವರು ಯಾರು ಎಂಬ ಕರ್ತೃವಿಚಾರ ಇತ್ಯರ್ಥವಾಗಿಲ್ಲ.