ಕೋಲಿನ ಡೊಂಕು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು ಬಂಗಡೆಯ ಕಿವಿರು ಎತ್ತಿ ನೋಡದೆ ಕಾಸು ಬಿಚ್ಚುವವರಲ್ಲ. ಅದೇ ಊರಿನ ಹುಡುಗರು ಸಾವಿರಾರು ರೂಪಾಯಿಯ ಸ್ನೂಕರ್ ಕ್ಯೂವನ್ನು ಮಾತ್ರ ಮೊಬೈಲಿನಲ್ಲಿ ಫೋಟೊ ನೋಡಿ ತರಿಸಿಬಿಡುತ್ತಾರೆ!

ಫೋಟೊದಲ್ಲಿ ಎಲ್ಲ ಕೋಲೂ ನೆಟ್ಟಗೇ.

ಕ್ಯೂ ಕೈಗೆ ಸಿಕ್ಕಿದರೆ ಮೊದಲು ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ದೃಷ್ಟಿ ಹಾಯಿಸಬೇಕು. ಟೇಬಲ್ ಮೇಲೆ ಉರುಳಿಸಿ ನೋಡುವ ಪಂಡಿತರೂ ಉಂಟು. ಕೈಯಿಂದ ಹೆರೆದ ಕೋಲು ಪೂರ್ತಿ ದುಂಡಗಿರದೆ ತುಸು ಕುಪ್ಪಳಿಸೀತು. ಅಷ್ಟಕ್ಕೇ ಡೊಂಕೆಂದು ತೀರ್ಪು ಕೊಡಬೇಕಿಲ್ಲ. ಆಶ್ ಮರದ್ದಾದರೆ ಗೆರೆಗಳು ಮೊನೆ ಮೊನೆಯಾಗಿ ಎದ್ದು ಕಾಣುತ್ತವೆ, ಮೇಪಲ್‌ನಲ್ಲಿ ಮಸುಕು. ಉದ್ದ ಸಾಮಾನ್ಯವಾಗಿ 57-58 ಇಂಚು, ತುದಿ 9.5 ಮಿ.ಮೀ. ಆಸುಪಾಸು, ತೂಕ ಅರ್ಧ ಕಿಲೋ. ನಿಯಮ ಕೇಳುವುದು ಕನಿಷ್ಠ 3 ಅಡಿ ಉದ್ದವನ್ನಷ್ಟೇ. ಆಮೇಲೆ ನಾಲ್ಕಾರು ಹೊಡೆತ ಹೊಡೆದು ನೋಡಲೇಬೇಕು: ಚೆಂಡಿನ ಪಕ್ಕಕ್ಕೆ ಹೊಡೆದು ಸೈಡ್ ಕೊಟ್ಟಾಗ ಬಿಳಿ ಚೆಂಡು ಎಷ್ಟು ಪಕ್ಕಕ್ಕೆ ಸರಿಯುತ್ತದೆ, ಜೋಡಣೆಯ ಬಳಿ ಕಟಕಟ ಸದ್ದುಂಟೇ?

ಇಷ್ಟೆಲ್ಲ ಪರೀಕ್ಷೆಗೆ ಹತ್ತು ಕೋಲು ಒಂದೆಡೆ ಬೇಕಾದರೆ ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿಯ ಬೆಂಗಳೂರೇ ಗತಿ. ಅಲ್ಲಿಗೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹೇಗೂ ಈ ಮೂರೂ ಊರಲ್ಲಿ ನಿಲ್ಲುತ್ತದೆ. ವಾಪಸು ಬರುವಾಗ ಉದ್ದನೆಯ ಕರಿ ಪೆಟ್ಟಿಗೆ ಕಂಡು ಎದುರು ಬರ್ತಿನವರು ಕೇಳದೆ ಬಿಟ್ಟಾರೆಯೇ?

“ಅದೆಂತ ಮಾರಾಯಾ, ಬಂದೂಕಾ?”