ಅಜ್ಜಿ, ಸ್ವಲ್ಪ ಕ್ಯಾಮೆರಾ ಕಡೆ ನೋಡಿ

"ಅಕ್ಟೋಬರ್ 1, ಹಿರಿಯರ ದಿನ. ಬಸ್ಸು, ಬ್ಯಾನರು, ಬಾಳೆಹಣ್ಣು ಎಲ್ಲ ರೆಡಿ," ಎನ್ನುತ್ತಾರೆ ಕಾಲೇಜಿನ ಕಾರ್ಯಕ್ರಮಾಧಿಕಾರಿ. ಹಿರಿಯರು ರೆಡಿಯೇ? "ಅವರು ವೃದ್ಧಾಶ್ರಮದಲ್ಲೇ ಇರ್ತಾರಲ್ಲ, ಇನ್ನೆಲ್ಲಿ ಹೋಗ್ತಾರೆ!" ಒಂದೇ ಹಣ್ಣನ್ನು ಹತ್ತು ಕೈ ಹಿಡಿದುಕೊಂಡ ಫೋಟೊ ಮುಗಿದ ಮೇಲೆ ಅದು ಅಜ್ಜಿಯ ಪಾಲಾಗುತ್ತದೆ. ಆಕೆಗೆ ಸಕ್ಕರೆ ಕಾಯಿಲೆಯೇ ಎಂದು ಕೇಳುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆದಿರುತ್ತದೆ. ವರದಿಯಲ್ಲಿ ಮಾತ್ರ "ತಲೆಮಾರುಗಳ ಬೆಸುಗೆ". ಬೆಸುಗೆಗೆ ಬೇಕಾದದ್ದು ಮತ್ತೆ ಮತ್ತೆ ಬರುವ ಅದೇ ಮುಖ. ನೆದರ್‌ಲೆಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ವೃದ್ಧಾಶ್ರಮ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದ ಕೋಣೆ ಕೊಟ್ಟಿತು. ಪ್ರತಿಯಾಗಿ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿರಬೇಕು, ಅಷ್ಟೇ. "ಛೆ, ಅದು ವ್ಯವಹಾರ, ಸೇವೆಯಲ್ಲ!" ವ್ಯವಹಾರವೇ ಸ್ವಾಮಿ. ಅದಕ್ಕೇ ಅದು ಮರುದಿನವೂ ನಡೆಯುತ್ತದೆ; ನಮ್ಮ ನಿಸ್ವಾರ್ಥ ಸೇವೆ ಸಂಜೆ ನಾಲ್ಕಕ್ಕೇ ಮುಗಿಯುತ್ತದೆ.

"ನಮ್ಮ ಹುಡುಗರಿಗೆ ಇಂಟರ್ನಲ್ಸು, ಸೆಮಿಸ್ಟರು. ಟೈಮೆಲ್ಲಿ?" ನ್ಯಾಯವಾದ ಪ್ರಶ್ನೆ. ಆದರೆ 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಸ್ವಯಂಸೇವಕರಿಂದ ವರ್ಷಕ್ಕೆ 120 ಗಂಟೆ ಕೇಳುತ್ತದೆ. ಹಂಚಿದರೆ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು. ಟೈಮು ನಿಯಮದಲ್ಲೇ ಇದೆ, ಕಸ ಗುಡಿಸುವ ಫೋಟೊಗೆ ಹೋಗುತ್ತಿದೆ. "ಆ ಮುದುಕರ ಹತ್ರ ಮಾತಾಡೋದೇನು?" ಅವರಿಗೆ ಯುಪಿಐ ಗೊತ್ತಿಲ್ಲ, ನಿಮ್ಮ ಹುಡುಗರಿಗೆ ಪಹಣಿ ಓದಲು ಬರುವುದಿಲ್ಲ. ಕೊಡುಕೊಳ್ಳುವಿಕೆಗೆ ಇಷ್ಟು ಸಾಲದೇ? ಬರೀ ಹಣ್ಣು ಪಡೆಯುವವರನ್ನಾಗಿ ಕೂರಿಸಿದರೆ ಯಾವ ಅಜ್ಜನೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಸಾರ್, ಬಸ್ಸಿನ ಖರ್ಚು ಉಳಿಸಿ. ಪ್ರತಿ ಶನಿವಾರ ಅದೇ ಇಬ್ಬರು ವಿದ್ಯಾರ್ಥಿಗಳನ್ನು ಕಳಿಸಿ, ಬ್ಯಾನರಿಲ್ಲದೆ.